ಮೇಷ್ಟ್ರ ಬೆರಗಿನ ಪದಗಳು

ನನ್ನ ಗಂಡನಿಗೆ "ಚೆನ್ನಾಗಿದೆ" ಅನ್ನುವ ಪದ ಕಂಡರೆ ಆಗುವುದಿಲ್ಲ. ಅದು ಬಡವರ ಪದ ಅನ್ನುತ್ತಾರೆ. ಸಂಜೆಯಾದರೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಲಿಸುವ ಕ್ಲಾಸು. ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗಿಯರು, ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿ ವಾಪಸು ಬಂದವರು, ಮಕ್ಕಳ ಸ್ಕೂಲಿನ ಮೀಟಿಂಗಿಗೆ ಹೋಗಲು ಹೆದರುವ ತಾಯಂದಿರು, ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಒತ್ತಿಕೊಂಡು ಕೂರುತ್ತಾರೆ. ಇವರು ಬೋರ್ಡಿನ ಪಕ್ಕ ನಿಂತು ಪಾಠ ಶುರು ಮಾಡುತ್ತಾರೆ.

"ವೆರಿ ಗುಡ್ ಅಂತ ಊರೆಲ್ಲ ಅನ್ನುತ್ತೆ. ನೀವು ಅನ್ಬೇಡಿ. ಊಟ ರುಚಿಯಾಗಿದ್ಯಾ? ಇನ್‌ಕ್ರೆಡಿಬಲ್! ಮನೆ ಚೆಂದ ಇದ್ಯಾ? ಅನ್‌ಬಿಲೀವಬಲ್! ಯಾರಾದ್ರೂ ಒಳ್ಳೆ ಕೆಲಸ ಮಾಡಿದ್ರಾ? ಬಿಯಾಂಡ್ ಇಮ್ಯಾಜಿನೇಷನ್! ಒಂದು ಪದ ಹಾಕಿದ್ರೆ ಎದುರಿಗಿರೋರು ಕೂತ ಕಡೆಯಿಂದ ಎದ್ದು ನಿಲ್ಬೇಕು."

ಈ ಪಾಠಕ್ಕೆ ಇವರೇ ಇಟ್ಟ ಹೆಸರು "ಬೆರಗಿನ ಪದಗಳು". ಪ್ರತಿ ಹೊಸ ಬ್ಯಾಚಿಗೂ ಮೊದಲ ವಾರದಲ್ಲೇ ಇದು. ನನ್ನ ಹೊಲಿಗೆ ಮಷೀನು ಇರುವುದು ಅಡುಗೆಮನೆಗೂ ಆ ಕೋಣೆಗೂ ನಡುವಿನ ಕಿರಿದಾದ ಜಾಗದಲ್ಲಿ. ಪರದೆಯ ಆಚೆ ಇಪ್ಪತ್ತು ಬಾಯಿ ಒಟ್ಟಿಗೆ "ಇನ್‌ಕ್ರೆಡಿಬಲ್" ಎಂದು ಕಿರುಚುವಾಗ ನಾನು ಈಚೆ ಯಾರದೋ ಪ್ಯಾಂಟಿನ ಹರಿದ ಜಿಪ್ಪು ಬಿಚ್ಚುತ್ತಿರುತ್ತೇನೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಗೋಡೆ ಪಕ್ಕ ಇದ್ದ ಗಿಡಕ್ಕೂ ಸ್ವಲ್ಪ ನೀರು ಸಿಡಿಯುತ್ತದೆ ನೋಡಿ, ಅಷ್ಟು ಬರುತ್ತದೆ.

ಇವರ ಇಂಗ್ಲಿಷ್ ಬಂದದ್ದು ಟೀವಿಯ ಆಟದ ಕಾಮೆಂಟರಿಯಿಂದ. ಯಾವನೋ ಓಡಿಹೋಗಿ, ಹಾರಿ, ಒಂದೇ ಕೈಯಲ್ಲಿ ಚೆಂಡು ಹಿಡಿದರೆ ಕಾಮೆಂಟರಿಯವನು ಗಂಟಲು ಹರಿಯುವಂತೆ ಈ ಪದಗಳನ್ನು ಕೂಗುತ್ತಿದ್ದ. ಹಾಗೆ ಕೂಗಿದರೆ ಅದು ಮೆಚ್ಚುಗೆಯಲ್ಲದೆ ಇನ್ನೇನು? ನಂಬಲು ಆಗದ್ದು ಅನ್ನುವ ಅರ್ಥ ಅದರ ಹೊಟ್ಟೆಯಲ್ಲಿದೆ ಎಂದು ಇವರಿಗೆ ತಿಳಿದಿತ್ತು. ಆದರೆ ಅದೂ ಹೊಗಳಿಕೆಯೇ ಎಂದುಕೊಂಡಿದ್ದರು. ನಾವೂ "ಅಬ್ಬಾ, ನಂಬೋಕೇ ಆಗಲ್ಲ" ಎಂದು ಬಾಯಿ ಮೇಲೆ ಕೈ ಇಡುವುದಿಲ್ಲವೇ, ಹಾಗೆ. ಬೀದಿಯವರು ಇವರನ್ನು ಇನ್‌ಕ್ರೆಡಿಬಲ್ ಮೇಷ್ಟ್ರು ಎಂದೇ ಕರೆಯುತ್ತಾರೆ. ಇವರು ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಂಡಿದ್ದಾರೆ.

ಇದನ್ನೆಲ್ಲ ನಾನು ನಗುತ್ತ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಹಲ್ಲು ಕಚ್ಚಿ ಹೇಳುತ್ತಿದ್ದೇನೆ.

ನನ್ನ ತಂಗಿಯನ್ನು ನಾವೆಲ್ಲ ಪುಟ್ಟಿ ಅನ್ನುತ್ತೇವೆ. ಅಮ್ಮ ಹೋದ ಮೇಲೆ ನನ್ನ ಜೊತೆಗೇ ಈ ಮನೆಗೆ ಬಂದವಳು. "ಸೊಸೆ ಬಂದಳು ಅಂದ್ರೆ ಅವಳ ತಂಗಿಯನ್ನೂ ಬೆನ್ನಿಗೆ ಕಟ್ಕೊಂಡು ಬಂದಿದಾಳೆ" ಎಂದು ಅತ್ತೆ ಮೂಗು ಮುರಿದಾಗ, "ಅವಳು ನನಗೆ ಮಗಳಿದ್ದ ಹಾಗಮ್ಮ" ಎಂದು ಅಡ್ಡ ನಿಂತವರು ಇವರೇ. ಸುಳ್ಳು ಯಾಕೆ ಹೇಳಲಿ? ಅವಳ ಸ್ಕೂಲಿಗೆ ಹೋಗಿ ಅಪ್ಪನ ಜಾಗದಲ್ಲಿ ಸಹಿ ಹಾಕಿದವರು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಇಟ್ಟು ಪಕ್ಕ ಕೂತವರು ಇವರೇ. ಪುಟ್ಟಿಗೆ ಭಾವ ಎಂದರೆ ದೇವರಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು. ನಾನು ಆ ತಕ್ಕಡಿಯಲ್ಲಿ ಎಲ್ಲೋ ಕೆಳಗೆ.

ಅವಳು ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳೆಲ್ಲ ಅಲ್ಲಿಗೆ ಬರುತ್ತವೆ. ಒಗೆದು ಹಿಂಡಿದ ಶೀಟಿನ ಎರಡು ಮೂಲೆ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುವುದು ಪುಟ್ಟಿಯ ಕೆಲಸ. ಅದು ಶೀಟನ್ನು ಎಳೆದುಕೊಂಡು, ಒಣಗಿಸಿ, ಗರಿಗರಿ ಇಸ್ತ್ರಿ ಮಾಡಿ ಆಚೆ ಬದಿಗೆ ಉಗುಳುತ್ತದೆ. ಆಚೆ ನಿಂತ ಇನ್ನೊಬ್ಬಳು ಮಡಿಸುತ್ತಾಳೆ. ಉಗಿಯಲ್ಲಿ ದಿನವಿಡೀ ನಿಂತು ನಿಂತು ಪುಟ್ಟಿಯ ಮುಖ ಸಂಜೆ ಬೆಂದ ಗೆಣಸಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಆದರೂ ಅವಳಿಗೆ ಆ ಕೆಲಸ ಇಷ್ಟ. "ಅಕ್ಕ, ಸುಕ್ಕು ಸುಕ್ಕಾಗಿ ಹೋಗಿದ್ದು ಆ ಕಡೆ ಕಾಗದದ ಥರ ಬರುತ್ತೆ. ನೋಡೋಕೇ ಒಂಥರಾ ಖುಷಿ" ಅನ್ನುತ್ತಿದ್ದಳು.

ಆ ದಿನ ಮಧ್ಯಾಹ್ನ ಶೀಟೊಂದು ಸೊಟ್ಟಗೆ ಹೋಗಿ ಮುದ್ದೆಯಾಗಿ ರೋಲರಿನ ಬಾಯಲ್ಲಿ ಸಿಕ್ಕಿಕೊಂಡಿತು. ಪುಟ್ಟಿ ಕೆಂಪು ಗುಂಡಿ ಒತ್ತಿದಳು. ರೋಲರು ನಿಂತಿತು. ನಿಂತದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬಲಗೈ ಹಾಕಿ ಶೀಟು ಎಳೆದಳು. ಅರ್ಧ ಎಳೆದಿದ್ದಳು ಅಷ್ಟೆ, ಯಾರೂ ಮುಟ್ಟದೆ ರೋಲರು ತಾನಾಗಿಯೇ ತಿರುಗಿತು. ಹೆಬ್ಬೆರಳು, ಅರ್ಧ ಅಂಗೈ ಬಿಟ್ಟು ಆ ಕೈಯಲ್ಲಿ ಏನೂ ಉಳಿಯಲಿಲ್ಲ.

ಲಾಂಡ್ರಿಯವರು ಬೇರೆಯೇ ರಾಗ ತೆಗೆದರು. ಗುಂಡಿ ಒತ್ತಿದ ಮೇಲೆ ಮಷೀನು ತಾನಾಗಿ ಓಡುವುದು ಸಾಧ್ಯವೇ ಇಲ್ಲ, ಇವಳು ಓಡುತ್ತಿರುವಾಗಲೇ ಕೈ ಹಾಕಿದ್ದಾಳೆ ಎಂದರು. ಆಚೆ ಬದಿಯಲ್ಲಿ ಮಡಿಸುತ್ತಿದ್ದವಳು ತಾನು ತಲೆ ತಗ್ಗಿಸಿಕೊಂಡಿದ್ದೆ, ಏನೂ ನೋಡಲಿಲ್ಲ ಅಂದಳು. ಅವಳಿಗೂ ಮನೆ, ಮಕ್ಕಳು. ನಾನು ಅವಳನ್ನು ಬೈಯಲಾರೆ. ಆ ಲಾಂಡ್ರಿಯ ನಿಯಮ ಸರಳ: ಮಷೀನಿನ ದೋಷದಿಂದ ಪೆಟ್ಟಾದರೆ ಅದೇ ಲಾಂಡ್ರಿಯಲ್ಲಿ ಕೂತು ಮಾಡುವ ಬೇರೆ ಕೆಲಸ ಕೊಡಬೇಕು. ಕೆಲಸದವರ ನಿರ್ಲಕ್ಷ್ಯದಿಂದ ಆದರೆ ಮನೆಗೆ ಕಳಿಸಬಹುದು. ಪುಟ್ಟಿಗೆ ಬೇಕಾದದ್ದು ಬಟ್ಟೆ ಲೆಕ್ಕ ನೋಡುವ ಕೌಂಟರಿನ ಕುರ್ಚಿ, ಮತ್ತೆ ತಪ್ಪು ಅವಳದಲ್ಲ ಅನ್ನುವ ಒಂದು ಮಾತು. ಕುರ್ಚಿಗಿಂತ ಆ ಮಾತೇ ಅವಳಿಗೆ ಹೆಚ್ಚು ಬೇಕಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ನಿದ್ದೆಗಣ್ಣಲ್ಲೂ "ಗುಂಡಿ ಒತ್ತಿದ್ದೆ ಅಕ್ಕ" ಎಂದು ಹೇಳುತ್ತಿದ್ದಳು.

ವಿಚಾರಣೆಗೆ ಲಾಂಡ್ರಿ ಕಂಪನಿಯ ಮುಖ್ಯ ಆಫೀಸಿನಿಂದ ಒಬ್ಬ ಅಧಿಕಾರಿ ಬಂದ. ಅವನಿಗೆ ನಮ್ಮ ಭಾಷೆಯ ಒಂದಕ್ಷರ ಬಾರದು. ಲಾಯರನ್ನು ಒಳಗೆ ಬಿಡುವುದಿಲ್ಲ, ಇಂಗ್ಲಿಷ್ ಬಲ್ಲ ನೆಂಟರು ಯಾರಾದರೂ ಇದ್ದರೆ ಒಬ್ಬರು ಬಂದು ಅವಳ ಮಾತನ್ನು ತಿಳಿಸಬಹುದು ಎಂದರು. ನೆಂಟರಲ್ಲಿ ಇಂಗ್ಲಿಷ್ ಬಲ್ಲವರೇ? ನಮ್ಮ ಮನೆಯ ಬೋರ್ಡಿನ ಮೇಲೇ ಬರೆದಿದೆಯಲ್ಲ.

ಅವತ್ತು ಇವರು ಇಸ್ತ್ರಿ ಶರ್ಟು ಹಾಕಿ, ಬೂಟಿಗೆ ಪಾಲಿಶ್ ಹೊಡೆದು ಹೊರಟ ಸಡಗರ ನೋಡಬೇಕಿತ್ತು. ಮಧ್ಯಾಹ್ನ ಇಬ್ಬರೂ ವಾಪಸು ಬಂದಾಗ ಪುಟ್ಟಿಯ ಮುಖ ಅರಳಿತ್ತು. ಇವರು ಬೂಟು ಬಿಚ್ಚುವ ಮೊದಲೇ ಶುರು ಮಾಡಿದರು.

"ಏನ್ ಗೊತ್ತೇನೇ? ಇವಳು 'ಸಾರ್, ಯಾರೂ ನಂಬಲ್ಲ, ನನಗೇ ನಂಬೋಕಾಗಲ್ಲ, ಆದ್ರೆ ನಡೆದಿದ್ದು ಇದೇ' ಅಂತ ಅತ್ಲು. ಅದನ್ನ ಹಾಗೇ ಸಪ್ಪೆಯಾಗಿ ಹೇಳಿದ್ರೆ ಏನ್ ಬಂತು? ನಾನು ಸ್ವಲ್ಪ ಬೆಳೆಸಿ ಹೇಳ್ದೆ. ಸರ್, ಹರ್ ಸ್ಟೋರಿ ಈಸ್ ಇನ್‌ಕ್ರೆಡಿಬಲ್. ಟೋಟಲಿ ಅನ್‌ಬಿಲೀವಬಲ್. ಬಿಯಾಂಡ್ ಇಮ್ಯಾಜಿನೇಷನ್!"

"ಅವರು ಏನಂದ್ರು?"

"ಏನಂತಾರೆ? ಅಲ್ಲಿವರೆಗೂ ಸುಮ್ನೆ ಕೂತಿದ್ದ ಮನುಷ್ಯ ಪೆನ್ನು ತಗೊಂಡು ನನ್ನ ಮಾತು ಹಾಗ್ ಹಾಗೇ ಬರ್ಕೊಂಡ. ಆರ್ ಯು ಶೂರ್ ಅಂತ ಎರಡು ಸಲ ಕೇಳ್ದ. ನಾನು ಹಂಡ್ರೆಡ್ ಪರ್ಸೆಂಟ್ ಸರ್ ಅಂದೆ."

"ಭಾವ ಮಾತಾಡ್ತಿದ್ರೆ ಅವನು ಕಣ್ಣು ಮಿಟುಕಿಸ್ದೆ ನೋಡ್ತಿದ್ದ ಅಕ್ಕ," ಎಂದಳು ಪುಟ್ಟಿ. ಅವತ್ತು ತುಂಬ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು, ಎಡಗೈಯಲ್ಲಿ ಚಮಚ ಹಿಡಿದು.

ಆದೇಶ ಬಂದಾಗ ಅದನ್ನು ಓದಿ ಹೇಳಿದವಳು ನಮ್ಮ ಲಾಯರಮ್ಮ. ಮೂರು ಮೆಟ್ಟಿಲು ಇಳಿದರೆ ಸಿಗುವ ನೆಲಮಾಳಿಗೆಯಲ್ಲಿ ಅವಳ ಆಫೀಸು. ಸಣ್ಣ ವಯಸ್ಸು, ದೊಡ್ಡ ಬಾಯಿ, ಕೆಲಸದ ಹೆಂಗಸರ ಕೇಸುಗಳನ್ನೇ ಹಿಡಿಯುತ್ತಾಳೆ. ನಾನೊಬ್ಬಳೇ ಹೋಗಿದ್ದೆ. ಅವಳು ಒಮ್ಮೆ ಓದಿದಳು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು, ಮತ್ತೆ ಹಾಕಿಕೊಂಡು ಓದಿದಳು.

"ಅಮ್ಮಾ, ವಿಚಾರಣೆಗೆ ಇಂಗ್ಲಿಷ್ ಮಾತಾಡೋಕೆ ಯಾರು ಹೋಗಿದ್ರು? ನಿಮ್ಮ ಶತ್ರುಗಳಾ?"

"ನನ್ನ ಯಜಮಾನ್ರು."

"ಓ" ಎಂದಳು. ಆಮೇಲೆ ಅಲ್ಲಿ ಬರೆದದ್ದನ್ನು ನನಗೆ ಅರ್ಥವಾಗುವ ಹಾಗೆ ಹೇಳಿದಳು. "ಇವಳ ಕಡೆಯಿಂದ ಬಂದಿರೋ ನೆಂಟರು, ಸ್ವತಃ ಇಂಗ್ಲಿಷ್ ಕಲಿಸೋರು, ಇವಳು ಹೇಳಿದ್ದು ಕಥೆ, ನಂಬೋಕೆ ಲಾಯಕ್ಕಿಲ್ಲ, ಊಹೆ ಮಾಡೋಕೂ ಆಗಲ್ಲ ಅಂತ ತಾವಾಗೇ ಹೇಳಿದಾರೆ. ಎರಡು ಸಲ ಕೇಳಿದ್ರೂ ಅದೇ ಮಾತು. ಅವಳ ಮನೆಯವರೇ ನಂಬದಿದ್ದನ್ನ ನಾವು ನಂಬಬೇಕಾಗಿಲ್ಲ. ಮಷೀನನ್ನ ಪರೀಕ್ಷೆ ಮಾಡಿಸೋ ಅಗತ್ಯ ಇಲ್ಲ. ತಪ್ಪು ಕೆಲಸದವಳದೇ. ಇಷ್ಟು ಬರ್ದಿದಾರೆ."

ನನ್ನ ಕಿವಿಯಲ್ಲಿ ಇಪ್ಪತ್ತು ಬಾಯಿ ಒಟ್ಟಿಗೆ ಕಿರುಚಿದ ಹಾಗಾಯಿತು. "ಆದರೆ ಅದು ಹೊಗಳೋ ಪದ ಅಲ್ವಾ?" ಎಂದು ಕೇಳಿದೆ. ಪೆದ್ದಿಯ ಹಾಗೆ ಕೇಳಿದೆ.

"ಆಟಗಾರನಿಗೆ ಹೇಳಿದ್ರೆ ಹೊಗಳಿಕೆ. ಸಾಕ್ಷಿಗೆ ಹೇಳಿದ್ರೆ ಮಣ್ಣು ಹಾಕಿದ ಹಾಗೆ. ಪುಣ್ಯಕ್ಕೆ ಫ್ಯಾಬ್ಯುಲಸ್ ಅಂತ ಒಂದು ಸೇರಿಸ್ಲಿಲ್ಲ, ಅದರ ಹಳೇ ಅರ್ಥ ಕಟ್ಟುಕಥೆ, ಅದೂ ಪೂರ್ತಿ ಆಗೋಗ್ತಿತ್ತು." ಅವಳಿಗೆ ನಗು ಬಂದಿತ್ತು, ನನ್ನ ಮುಖ ನೋಡಿ ನುಂಗಿಕೊಂಡಳು. "ಒಂದು ದಾರಿ ಇದೆ. ಮೇಲ್ಮನವಿ ಹಾಕ್ತೀನಿ, ಅದಕ್ಕೆ ಲಾಯರನ್ನೂ ಒಳಗೆ ಬಿಡ್ತಾರೆ. ಅಲ್ಲಿ ನಿಮ್ಮ ಯಜಮಾನ್ರು ಬಂದು ಒಂದೇ ಒಂದು ಮಾತು ಹೇಳ್ಬೇಕು. ಆಶ್ಚರ್ಯ ಅನ್ನೋ ಅರ್ಥದಲ್ಲಿ ಹೇಳ್ದೆ, ಪದ ತಪ್ಪಾಯ್ತು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ ಅಂತ. ಅಷ್ಟು ಹೇಳಿದ್ರೆ ಆದೇಶ ಬಿದ್ದುಹೋಗುತ್ತೆ. ಹೊಸದಾಗಿ ವಿಚಾರಣೆ, ಮಷೀನಿನ ಪರೀಕ್ಷೆ. ಹೇಳ್ತಾರಾ?"

"ಹೇಳ್ತಾರೆ," ಎಂದೆ. ಯಾಕೆ ಹೇಳುವುದಿಲ್ಲ? ಮಗಳಿದ್ದ ಹಾಗೆ ಎಂದವರು.

ಮನೆಗೆ ಬಂದು ಹೇಳಿದರೆ ಇವರು ಮೊದಲು ನಕ್ಕರು. ಆಮೇಲೆ ಲಾಯರಮ್ಮನಿಗೆ ಇಂಗ್ಲಿಷ್ ಗೊತ್ತಿಲ್ಲ ಎಂದರು. ಆಮೇಲೆ ಆ ಅಧಿಕಾರಿಗೆ ಗೊತ್ತಿಲ್ಲ ಎಂದರು. ಕೊನೆಗೆ ಅಟ್ಟದ ಮೇಲಿಂದ ದಪ್ಪ ಡಿಕ್ಷನರಿ ಇಳಿಸಿ, ಧೂಳು ಕೊಡವಿ, ಪುಟ ತಿರುವಿದರು. ಓದುತ್ತ ಓದುತ್ತ ಅವರ ತುಟಿ ಅಲುಗುವುದು ನಿಂತಿತು.

"ಎರಡೂ ಅರ್ಥ ಇದೆ," ಎಂದರು.

"ಮೊದಲನೇದು ಯಾವುದು?"

ಇವರು ಡಿಕ್ಷನರಿ ಮುಚ್ಚಿದರು. ನನಗೆ ಉತ್ತರ ಸಿಕ್ಕಿತು.

ಅವತ್ತು ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಾತಿಗೆ ಒಗ್ಗರಣೆ ಹಾಕಲು ಅದೇನು ನಿಮ್ಮ ಅಡುಗೆಮನೆಯೇ ಎಂದೆ. ಅವಳು ಅತ್ತು ಹೇಳಿದ್ದನ್ನು ಹೇಳಲು ಕಳಿಸಿದರೆ ನೀವು ನಿಮ್ಮ ಪದ ತೋರಿಸಿಕೊಳ್ಳಲು ಹೋದಿರಿ ಎಂದೆ. "ನಡೆದಿದ್ದು ಇದೇ" ಅನ್ನುವ ಮಾತನ್ನೇ ನುಂಗಿಬಿಟ್ಟಿರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಪದ ಇರಲಿಲ್ಲವೇ ಎಂದೆ.  ಇವರು ಸಣ್ಣ ದನಿಯಲ್ಲಿ, "ಹೇಳ್ತೀನಿ ಬಿಡು. ಪುಟ್ಟಿಗೋಸ್ಕರ ಹೇಳ್ತೀನಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅಯ್ಯೋ ಅನಿಸಿತು. ಬೈದದ್ದು ಹೆಚ್ಚಾಯಿತೇನೋ ಎಂದು ಕಾಫಿ ಮಾಡಿ ಕೊಟ್ಟೆ.

ಪುಟ್ಟಿಗೆ ಹೇಳುವ ಮಾತು ಬಂದಾಗ ಇವರೇ ಬೇಡ ಎಂದರು. ಇಂಗ್ಲಿಷಿನಲ್ಲಿ ಏನೋ ಗೊಂದಲವಾಗಿದೆ, ಭಾವ ಹೋಗಿ ಸರಿ ಮಾಡುತ್ತಾರೆ ಎಂದಷ್ಟೇ ಹೇಳಿದೆವು. "ಭಾವ ಹೋದ್ರೆ ಆಯ್ತು ಬಿಡಿ" ಎಂದಳು. ಅವಳಿಗೆ ಅದಕ್ಕಿಂತ ಹೆಚ್ಚಿನ ವಿವರ ಬೇಕಿರಲಿಲ್ಲ.

ಲಾಯರಮ್ಮ ಇವರಿಗೆ ಎರಡು ಸಲ ಹೇಳಿಕೊಟ್ಟಳು. "ಸಾರ್, ಜಾಸ್ತಿ ಏನೂ ಬೇಡ. ಐ ಮೇಡ್ ಎ ಮಿಸ್ಟೇಕ್. ಅಷ್ಟೇ. ನಿಮ್ಮ ಕ್ಲಾಸಿನ ಮೊದಲನೇ ದಿನದೋರು ಕೂಡ ಹೇಳ್ತಾರೆ." ಇವರು ತಲೆಯಾಡಿಸಿದರು.

ಮೇಲ್ಮನವಿ ನಡೆದದ್ದು ಮುಖ್ಯ ಆಫೀಸಿನ ಉದ್ದನೆಯ ಕೋಣೆಯಲ್ಲಿ. ಒಂದು ಕಡೆ ಮೂರು ಜನ ಅಧಿಕಾರಿಗಳು, ನಡುವೆ ಕೂತವರು ಬಿಳಿಗೂದಲಿನ ಹೆಂಗಸು. ಎದುರಿಗೆ ಲಾಂಡ್ರಿಯವರ ವಕೀಲ, ಅವನ ಪಕ್ಕ ಲಾಂಡ್ರಿಯ ಮ್ಯಾನೇಜರು. ನಾನೂ ಪುಟ್ಟಿಯೂ ಹಿಂದಿನ ಸಾಲಿನಲ್ಲಿ. ಅವಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಇಲ್ಲಿ ಅಂಗೈಯೇ ಅರ್ಧ ಹೋಗಿದೆ, ಆದರೂ ಈ ಅಧಿಕಾರಿಗಳಿಗೆ ಕನ್ನಡಿ ಬೇಕು, ಕನ್ನಡಿಯೂ ಇಂಗ್ಲಿಷಿನದೇ ಆಗಬೇಕು.

ಶುರುವಾಗುವ ಮೊದಲು ಆ ಮ್ಯಾನೇಜರು ಎದ್ದು ಬಂದು ಇವರ ಕೈ ಕುಲುಕಿದ. "ನಮಸ್ಕಾರ ಮೇಷ್ಟ್ರೇ. ನನ್ನ ತಮ್ಮನ ಹೆಂಡತಿ ನಿಮ್ಮ ಕ್ಲಾಸಿಗೇ ಬರೋದು. ನಿಮ್ಮಷ್ಟು ಇಂಗ್ಲಿಷ್ ಈ ಕಡೆ ಯಾರಿಗೂ ಇಲ್ಲ ಅಂತಾಳೆ." ಇವರು ಹಿಗ್ಗಿ, "ಹಾಗೇನಿಲ್ಲ, ಹಾಗೇನಿಲ್ಲ" ಎಂದರು.  ಅವನ ಬಾಯಿಯ ಸಕ್ಕರೆ ಇವರ ಬೆನ್ನುಮೂಳೆಗೆ ಇಳಿಯುವುದು ನನಗೆ ಕಾಣುತ್ತಿತ್ತು.

ಲಾಯರಮ್ಮ ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿ, ಇವರನ್ನು ಕರೆದಳು. ಇವರು ಎದ್ದು ಹೋಗಿ ನಿಂತರು, ಕಾಲರು ಸರಿಮಾಡಿಕೊಂಡರು. ಅವಳು ಕೇಳಬೇಕಾದ್ದನ್ನು ಕೇಳಿದಳು. ಇನ್‌ಕ್ರೆಡಿಬಲ್ ಅನ್ನುವ ಪದ ಅದರಲ್ಲಿ ಬಂತು. ಇವರು ಬಾಯಿ ತೆರೆದು, ಗಂಟಲು ಸರಿಮಾಡಿಕೊಂಡು, "ಐ... ವಾಟ್ ಐ ಮೆಂಟ್..." ಎಂದು ನಿಂತರು.  ಮುಂದೆ ಇನ್ನೆರಡು ಪದ ಬರಬೇಕು, ಅಷ್ಟೆ.

ಅಷ್ಟರಲ್ಲಿ ಲಾಂಡ್ರಿಯವರ ವಕೀಲ ಕುರ್ಚಿಯಲ್ಲಿ ಒರಗಿಕೊಂಡೇ ನಗುತ್ತ ಒಂದು ಪ್ರಶ್ನೆ ಕೇಳಿದ. ಮಾತಿನಲ್ಲಿ ಟೀಚರ್ ಅನ್ನುವುದು ಕೇಳಿಸಿತು. ನೀವು ಇಂಗ್ಲಿಷ್ ಮೇಷ್ಟ್ರಲ್ಲವೇ, ಈ ಪದವನ್ನು ಕಲಿಸುತ್ತೀರಂತೆ, ಅದರ ಅರ್ಥ ನಿಮಗೆ ಗೊತ್ತಿಲ್ಲವೇ ಎಂದು ಕೇಳಿದ್ದಂತೆ, ಆಮೇಲೆ ಲಾಯರಮ್ಮ ಹೇಳಿದಳು. ಆದರೆ ನನಗೆ ಆಗಲೇ ತಿಳಿದಿತ್ತು, ಇವರ ಬೆನ್ನು ನೋಡಿದರೆ ಸಾಕಿತ್ತು. ಅದು ನೆಟ್ಟಗಾಯಿತು. ದನಿ ಬದಲಾಯಿತು. ಬೋರ್ಡಿನ ಪಕ್ಕ ನಿಂತಾಗ ಬರುವ ದನಿ. ನನ್ನ ಪರದೆಯ ಆಚೆಯಿಂದ ವರ್ಷಗಟ್ಟಲೆ ಕೇಳಿದ ದನಿ.

"ಇನ್‌ಕ್ರೆಡಿಬಲ್ ಈಸ್ ಆನ್ ಅಡ್ಜೆಕ್ಟಿವ್, ಸರ್. ಇಟ್ ಮೀನ್ಸ್, ದಟ್ ವಿಚ್ ಕೆನಾಟ್ ಬಿ ಬಿಲೀವ್ಡ್."

ಡಿಕ್ಷನರಿ ಇಳಿಸಿದ ಮೇಲೆ ಇವರು ಕ್ಲಾಸಿನ ಪಾಠವನ್ನು ತಿದ್ದಿದ್ದರು. ಈ ಸಾಲನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದರು. ಅದಕ್ಕೇ ನನಗೆ ಅದು ಪೂರ್ತಿ ಅರ್ಥವಾಯಿತು. ನಂಬಲು ಆಗದ್ದು. ಅಷ್ಟು ಸ್ಪಷ್ಟವಾಗಿ, ಒಂದಕ್ಷರ ತಪ್ಪದೆ ಹೇಳಿದರು. ಅವತ್ತಿನ ಇಂಗ್ಲಿಷ್ ಇವರ ಜೀವಮಾನದಲ್ಲೇ ಅತ್ಯಂತ ಸರಿಯಾದ ಇಂಗ್ಲಿಷ್ ಇರಬೇಕು.

ಬಿಳಿಗೂದಲಿನ ಅಧಿಕಾರಿಣಿ ಮುಂದಕ್ಕೆ ಬಗ್ಗಿದರು. ಪಾಪ, ಆಯಮ್ಮ ಒಳ್ಳೆಯವರೇ ಇರಬೇಕು. ನನಗೂ ತಿಳಿಯುವಷ್ಟು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಮಕ್ಕಳಿಗೆ ಕೇಳುವ ಹಾಗೆ ಕೇಳಿದರು. ಅವತ್ತೂ ನಿಮಗೆ ಆ ಅರ್ಥ ಗೊತ್ತಿತ್ತೇ? ಗೊತ್ತಿದ್ದೇ ಹೇಳಿದಿರಾ? ದಾರಿ ತೋರಿಸಿ, ಬಾಗಿಲು ತೆರೆದು, ಬನ್ನಿ ಎಂದು ಕರೆದ ಹಾಗಿತ್ತು. ಲಾಯರಮ್ಮ ಇವರನ್ನೇ ನೋಡುತ್ತ, ಕಾಣದ ಹಾಗೆ ತಲೆಯನ್ನು ಅಡ್ಡಡ್ಡ ಆಡಿಸುತ್ತಿದ್ದಳು.

ಇವರು ತಿರುಗಿ ಒಮ್ಮೆ ಹಿಂದೆ ನೋಡಿದರು. ಪುಟ್ಟಿ ಇವರಿಗೆ ಧೈರ್ಯ ಹೇಳುವ ಹಾಗೆ ನಕ್ಕಳು. ನಾನು ಕೈ ಮುಗಿದೆ. ಹೌದು, ಆ ಕೋಣೆಯಲ್ಲಿ, ಎಲ್ಲರೆದುರು, ನನ್ನ ಗಂಡನಿಗೆ ಕೈ ಮುಗಿದೆ. ಇವರು ಮತ್ತೆ ಮುಂದೆ ತಿರುಗಿದರು.

"ಯೆಸ್, ಮೇಡಂ. ಐ ನೋ ಮೈ ವರ್ಡ್ಸ್."

ಮ್ಯಾನೇಜರು ಮೇಜಿನ ಮೇಲಿದ್ದ ನೀರು ಕುಡಿದ. ಲಾಯರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ಮೂವರು ಅಧಿಕಾರಿಗಳೂ ತಲೆಗೆ ತಲೆ ಸೇರಿಸಿ ಪಿಸುಗುಟ್ಟಿದರು, ಅಧಿಕಾರಿಣಿ ಏನೋ ಚಿಕ್ಕದಾಗಿ ಹೇಳಿದರು, ಎಲ್ಲರೂ ಎದ್ದರು. ಹಳೆಯ ಆದೇಶವೇ ಗಟ್ಟಿ. ಮಷೀನಿನ ಪರೀಕ್ಷೆ ಇಲ್ಲ. ಪುಟ್ಟಿಗೆ ಕುರ್ಚಿ ಇಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಜಟ್ಟಿ ಬೀಳಲೇ ಇಲ್ಲ. ಬಿದ್ದವಳು ಬೇರೆ, ಮೀಸೆ ಬೇರೆಯವರದು.

ಕಾರಿಡಾರಿನಲ್ಲಿ ಲಾಯರಮ್ಮ ಪುಟ್ಟಿಗೆ ಫಲಿತಾಂಶವನ್ನಷ್ಟೇ ಹೇಳಿ, ಅವಳ ಭುಜ ಹಿಡಿದು, ನನ್ನ ಮುಖ ನೋಡದೆ ಹೊರಟುಹೋದಳು. ಇವರು ಇನ್ನೂ ಒಳಗೇ ಇದ್ದರು. ಅರ್ಧ ತೆರೆದ ಬಾಗಿಲಿನಲ್ಲಿ ಆ ವಕೀಲ ಇವರ ಬೆನ್ನು ತಟ್ಟುತ್ತಿದ್ದದ್ದು ಕಾಣುತ್ತಿತ್ತು. ಪುಟ್ಟಿ ಬೆಂಚಿನ ಮೇಲೆ ಕೂತಳು. ಅಳುತ್ತಿರಲಿಲ್ಲ. 

"ಗುಂಡಿ ಒತ್ತಿದ್ದೆ ಅಕ್ಕ," ಎಂದಳು.

"ಗೊತ್ತು ಪುಟ್ಟಿ."

"ಮತ್ತೆ ಯಾಕೆ ಹೀಗಾಯ್ತು? ಭಾವ ಅಷ್ಟು ಚೆನ್ನಾಗಿ ಹೇಳಿದ್ರಲ್ಲ. ಒಂದು ಕಡೆನೂ ತಡವರಿಸ್ಲಿಲ್ಲ."

ಮುಚ್ಚಿಡಬಹುದಿತ್ತು. ಮನೆಯ ಮಾನ, ಗಂಡನ ಮಾನ ಎಂದು ನಾಲಿಗೆ ಕಚ್ಚಿಕೊಳ್ಳಬಹುದಿತ್ತು. ಆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಬೆರಳು ಹೋದವು, ಕೆಲಸ ಹೋಯಿತು, ಇನ್ನು ಯಾರಿಂದ ಹೋಯಿತು ಅನ್ನುವುದಾದರೂ ಅವಳಿಗೆ ತಿಳಿಯಬೇಡವೇ? ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಮೊದಲ ವಿಚಾರಣೆಯ ಪದ, ಲಾಯರಮ್ಮ ಓದಿ ಹೇಳಿದ್ದು, ಡಿಕ್ಷನರಿ, ಇವತ್ತು ಹೇಳಬೇಕಿದ್ದ ಒಂದು ಮಾತು, ಹೇಳಿದ ಇನ್ನೊಂದು ಮಾತು.

"ತಪ್ಪಾಯ್ತು ಅಂದಿದ್ರೆ ಸಾಕಿತ್ತು ಪುಟ್ಟಿ. ಅವರು ಅನ್ನಲಿಲ್ಲ. ಗೊತ್ತಿದ್ದೇ ಹೇಳ್ದೆ ಅಂದ್ರು. ನೀನು ಹೇಳಿದ್ದು ನಂಬೋ ಹಾಗಿಲ್ಲ ಅಂತ ನಿನ್ನ ಭಾವನೇ ಹೇಳಿದ್ರು, ಅವರ ಇಂಗ್ಲಿಷ್ ಉಳಿಸ್ಕೊಳ್ಳೋಕೆ."

 ಅವಳ ಕಣ್ಣಲ್ಲಿ ನಾನು ಕಾಯುತ್ತಿದ್ದ ಸಿಟ್ಟು ಬಂತು. ಬಂದದ್ದು ನನ್ನ ಮೇಲೆ.

"ಅಕ್ಕ, ನೀನು ಮೊದಲಿಂದ್ಲೂ ಭಾವನ ಇಂಗ್ಲಿಷ್ ಅಂದ್ರೆ ಆಡ್ಕೊಂಡು ನಗ್ತೀಯ. ಇವತ್ತೂ ಅದನ್ನೇ ಮಾಡ್ಬೇಕಾ?"

"ಪುಟ್ಟಿ, ನಾನು ನನ್ನ ಕಿವಿಯಾರೆ ಕೇಳ್ದೆ..."

"ಏನು ಕೇಳ್ದೆ? ನಿನಗೆ ಇಂಗ್ಲಿಷ್ ಎಲ್ಲಿ ಬರುತ್ತೆ? ತಪ್ಪು ತಿಳ್ಕೊಂಡಿರ್ತೀಯ. ಭಾವ ನನಗೆ ಹಾಗೆ ಮಾಡ್ತಾರಾ? ಯಾರಾದ್ರೂ ನಂಬೋ ಮಾತಾ ಇದು?"

ಬಾಗಿಲು ತೆರೆದು ಇವರು ಹೊರಗೆ ಬಂದರು. ನಮ್ಮಿಬ್ಬರ ಮುಖ ನೋಡಿ ನಾಲ್ಕು ಹೆಜ್ಜೆ ದೂರದಲ್ಲೇ ನಿಂತರು. ನಾನು ಹೇಳಿಬಿಟ್ಟಿದ್ದೇನೆ ಎಂದು ಅವರಿಗೆ ತಿಳಿಯಿತು. ಆ ಕ್ಷಣ ಅವರ ಮುಖದಲ್ಲಿ ನಿಜವಾದ ಭಯ ಇತ್ತು, ಒಳಗೆ ಅಧಿಕಾರಿಗಳ ಮುಂದೆ ಇಲ್ಲದಿದ್ದ ಭಯ. ಆಗ ಪುಟ್ಟಿ ಎದ್ದಳು. ಎದ್ದುಹೋಗಿ ಅವರ ತೋಳನ್ನು ಎಡಗೈಯಲ್ಲಿ ಹಿಡಿದುಕೊಂಡಳು.

"ಬೇಜಾರು ಮಾಡ್ಕೋಬೇಡಿ ಭಾವ. ಏನಾದ್ರೂ ಆಗ್ಲಿ, ನನ್ನ ಪರವಾಗಿ ಅಷ್ಟು ದೊಡ್ಡ ಜನರ ಮುಂದೆ ನಿಂತ್ರಲ್ಲ, ನನಗೆ ಅಷ್ಟೇ ಸಾಕು."

ಇವರು ನನ್ನನ್ನು ನೋಡಿದರು. ಈಗಲಾದರೂ ಹೇಳಬಹುದಿತ್ತು. ಇಲ್ಲಿ ಅಧಿಕಾರಿಗಳಿಲ್ಲ, ಮ್ಯಾನೇಜರಿಲ್ಲ, ಇಂಗ್ಲಿಷೂ ಬೇಕಿಲ್ಲ. ತಪ್ಪಾಯ್ತು ಪುಟ್ಟಿ ಅನ್ನಲು ಅಪ್ಪಟ ಕನ್ನಡ ಸಾಕಿತ್ತು. ಭಯ ಕರಗಿ ಅವರ ಮುಖ ಮೆಲ್ಲಗೆ ಮೊದಲಿನ ಹಾಗಾಗುವುದನ್ನು ನಾನು ನೋಡುತ್ತ ನಿಂತೆ. ಅವರು ಅವಳ ತಲೆ ಸವರಿದರು.

"ಇರ್ಲಿ ಬಿಡಮ್ಮ," ಎಂದರು. "ನನ್ನ ಕೈಲಾದಷ್ಟು ಮಾಡ್ದೆ."

ಪುಟ್ಟಿ ಹೌದೆಂದು ತಲೆಯಾಡಿಸಿದಳು.